ನಡುಗಿದ ಚುಕ್ಕಿ

"ಏನ್ ತೆಗೀತೀರಿ ಅದರಾಗ?"

ಕೌಂಟರಿನ ಆಚೆಯಿಂದ ಬಂದ ಪ್ರಶ್ನೆಗೆ ಶೀತಲ ತಬ್ಬಿಬ್ಬಾದಳು!

ಅವಳು ದುಬಲಗುಂಡಿಯಿಂದ ಹುಮನಾಬಾದಿನ ಈ ಸ್ಟುಡಿಯೋಗೆ ಬಂದದ್ದು ಮ್ಯಾಕ್ರೊ ಲೆನ್ಸ್ ಕೇಳಲು. ಸಾಸಿವೆ ಕಾಳಿನಷ್ಟು ಚಿಕ್ಕದನ್ನೂ ದೊಡ್ಡದಾಗಿ ತೋರಿಸುವ ಲೆನ್ಸ್. ಕ್ಯಾಮೆರಾ ಮಾತ್ರ ಅವಳ ಚೀಲದಲ್ಲೇ ಇತ್ತು, ಗೆಳತಿ ವರ್ಷಾ ಕೊಟ್ಟ ಹಳೆಯದು.

'ನಮ್ಮವ್ವ ಸಾಯಾಕತ್ತಾಳ. ಆಕಿ ಮುಂಗೈ ಮ್ಯಾಲಿನ ಹಚ್ಚಿ ಚುಕ್ಕಿ ತೆಗೀಬೇಕು...'

ಮಾತು ನಾಲಿಗೆಯ ತುದಿಗೆ ಬಂತು. ಬಾಯಿಬಿಟ್ಟು ಹೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ!

"ಚಿಟ್ಟಿ... ಹುಳ ಹುಪ್ಪಡಿ," ಎಂದುಬಿಟ್ಟಳು.

ಹುಡುಗಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆದರೆ ಸ್ಟುಡಿಯೋದ ದತ್ತು ನಂಬುವುದರಲ್ಲಿ ಮಹಾ ಜಾಣ!

"ಹಂಗಾದ್ರ ಉದ್ದಂದು ತಗೋರಿ. ದೂರ ನಿಂತು ತೆಗೀಬಹುದು, ಹುಳ ಹಾರಂಗಿಲ್ಲ. ಬಸವಕಲ್ಯಾಣದಾಗ ಯುನೂಸ್ ಭಾಯಿ ಹತ್ರ ಹಳೇದೊಂದು ಅದ, ತರಸ್ತೇನಿ."

"ಲೈಟ್ ಗೀಟ್ ಬೇಕಾಗ್ತದೇನ್ರಿ?"

"ಬಿಸಲಾಗ ಫ್ಲ್ಯಾಶ್ ಯಾಕ್ರಿ? ಹೊಸಬ್ರಿಗೆ ಸುಮ್ನ ಭಾರ."

ಎರಡು ದಿನ ಬಿಟ್ಟು ಲೆನ್ಸ್ ಬಂತು. ದತ್ತು ಕೌಂಟರಿನ ಮೇಲೆ ಒಂದು ಜೋಳದ ಕಾಳಿಟ್ಟು ಕಲಿಸಿದ.

"ಉಸಿರು ಹಿಡೀರಿ... ಹಾಂ, ಈಗ ಒತ್ರಿ!"

ಅವನ ಬೆರಳು ಅವಳ ಬೆರಳಿಗೆ ತಾಗಿತು. ಒಂದು ಗಳಿಗೆ ಶೀತಲ ಅವ್ವನನ್ನೇ ಮರೆತಳು. ಮರೆತದ್ದಕ್ಕೆ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ತನ್ನನ್ನೇ ಬೈದುಕೊಂಡಳು.

ಅವ್ವ ಯಶೋದಾಬಾಯಿಯ ಮುಂಗೈ ಮೇಲೆ ಐದು ಚುಕ್ಕಿಗಳಿದ್ದವು. ನಾಲ್ಕನ್ನು ಹಚ್ಚೆಯವಳು ಹಾಕಿದ್ದಳು. ಐದನೆಯದನ್ನು ಯಶೋದಾಬಾಯಿ ತಾನೇ ಸೂಜಿ ಚುಚ್ಚಿ, ದೀಪದ ಕಾಡಿಗೆ ತುಂಬಿ ಹಾಕಿಕೊಂಡಿದ್ದಳು, ಮೂರು ತಿಂಗಳ ಗಂಡುಕೂಸು ತೀರಿಕೊಂಡ ದಿನ.

"ಅವನ ಫೋಟೊ ಒಂದೂ ಇಲ್ಲವ್ವ. ಇದ ಅವನ ಫೋಟೊ," ಎನ್ನುತ್ತಿದ್ದಳು.

ಅವ್ವ ಮಣ್ಣಾದರೆ ಆ ತಮ್ಮನೂ ಮಣ್ಣಾಗುತ್ತಾನೆ! ಶೀತಲಳಿಗೆ ಅದೊಂದೇ ಸಂಕಟ.

ಆದರೆ ಕೋಣೆಯಲ್ಲಿ ಮಬ್ಬುಗತ್ತಲೆ. ಅವ್ವನ ಕೈ ಒಂದೇ ಸಮನೆ ನಡುಗುತ್ತಿತ್ತು. ನಲವತ್ತು ಸಲ ಒತ್ತಿದಳು. ನಲವತ್ತರಲ್ಲೂ ಚುಕ್ಕಿ ಕದಡಿ ಹೋಗಿತ್ತು.

ಅಷ್ಟರಲ್ಲಿ ಫೋನಿಗೆ ದತ್ತುವಿನ ಮೆಸೇಜ್ ಬಂತು: "ಚಿಟ್ಟಿ ಸಿಕ್ತೇನ್ರಿ? ಇಲ್ಲಾ ನಿಮ್ಮನ್ನ ನೋಡಿ ನಾಚಕೊಂಡು ಹಾರಿ ಹೋತೇನು?"

ಪಾಪ, ಅವನಿಗೇನು ಗೊತ್ತು! ಶೀತಲಳಿಗೆ ಮಾತ್ರ ಮೈಯೆಲ್ಲ ಉರಿಯಿತು. ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಅತ್ತ ದತ್ತು 'ಸಲಿಗೆ ಜಾಸ್ತಿ ಆಯ್ತೇನೋ' ಎಂದು ನಾಚಿಕೆಯಿಂದ ಕುಗ್ಗಿಹೋದ.

ಅದಾದ ಐದನೆಯ ದಿನ ಬೆಳಿಗ್ಗೆ ಯಶೋದಾಬಾಯಿ ಹೋಗಿಬಿಟ್ಟಳು.

ಮಣ್ಣಿಗೆ ಒಯ್ಯುವ ಮೊದಲು ಮನೆಮಂದಿಯೆಲ್ಲ ಸುತ್ತ ಕೂತು ಕೊನೆಯ ಫೋಟೊ ತೆಗೆಸುವುದು ಆ ಮನೆಯ ರೂಢಿ. ನಾಗನಾಥ ಕಾಕಾ ಹುಮನಾಬಾದಿಗೆ ಫೋನ್ ಮಾಡಿ ಫೋಟೊದವರನ್ನು ಕರೆಸಿದ.

ಬಂದವನು ದತ್ತು!

ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣ, ಪಕ್ಕದಲ್ಲಿ ಶೀತಲ. ಅವಳ ಮಡಿಲಲ್ಲಿ ಅದೇ ಲೆನ್ಸ್ ಹಾಕಿದ ಕ್ಯಾಮೆರಾ. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ನಿಮ್ಮ ಲೆನ್ಸ್ ಒಂದು ಚುಕ್ಕಿ ಸುದ್ದಾ ತೆಗೀಲಿಲ್ಲ!" ಅವಳು ಎಲ್ಲರೆದುರು ಚೀರಿದಳು. "ಅವ್ವನ ಕೈ ನಡುಗತಿತ್ತು..."

ದತ್ತು ಆ ಮುಂಗೈ ನೋಡಿದ. ಎಲ್ಲವೂ ತಿಳಿಯಿತು.

"ನಡುಗೋ ಕೈ ಅಂತ ಹೇಳಿದ್ರ... ಅವತ್ತ ಫ್ಲ್ಯಾಶ್ ಕೊಡ್ತಿದ್ದೆನಲ್ರಿ, ಅದರ ಬೆಳಕಿನಾಗ ನಡುಕ ಕಾಣಂಗಿಲ್ಲ," ಎಂದ. "ನಾನರ ಇನ್ನೊಂದು ಮಾತು ಕೇಳಬೇಕಿತ್ತು."

ತನ್ನ ಫ್ಲ್ಯಾಶನ್ನು ಅವಳ ಕ್ಯಾಮೆರಾಕ್ಕೆ ಸಿಕ್ಕಿಸಿದ. ಬೆಳಕು ಮೆತ್ತಗಾಗಲೆಂದು ಅದರ ಮುಂದೆ ಬಿಳಿ ಕರವಸ್ತ್ರ ಹಿಡಿದ.

"ನೀವ ಒತ್ರಿ. ಉಸಿರು ಹಿಡೀರಿ."

ಒಂದೇ ಸಲಕ್ಕೆ ಐದನೆಯ ಚುಕ್ಕಿ ಸ್ಪಷ್ಟವಾಗಿ ಬಂತು. ಈಗ ಆ ಕೈ ನಡುಗುತ್ತಿರಲಿಲ್ಲ. ಅದಕ್ಕೇ ಶೀತಲ ಬಿಕ್ಕಿ ಬಿಕ್ಕಿ ಅತ್ತಳು.

ತಿಂಗಳಾದ ಮೇಲೆ ಅವಳು ಮತ್ತೆ ಸ್ಟುಡಿಯೋ ಮೆಟ್ಟಿಲು ಹತ್ತಿದಳು. ದತ್ತು ಎದ್ದು ನಿಂತ.

"ಪ್ರಿಂಟ್ ಹಾಕಬೇಕಿತ್ರಿ."

"ಅವತ್ತಿಂದು ಹಾಕಿ ಇಟ್ಟೀನ್ರಿ."

"ಅದಲ್ರಿ... ಇದು." ಅವಳು ತೋರಿಸಿದ್ದು ಕತ್ತಲೆ ಕೋಣೆಯಲ್ಲಿ ತೆಗೆದ, ಕದಡಿದ ಫೋಟೊ.

"ಇದು ಪೂರಾ ನಡುಗೇದಲ್ರಿ."

"ಹೌದ್ರಿ. ಇದರಾಗ ಅವ್ವ ಜೀವಂತ ಅದಾಳ."

ದತ್ತು ಕಣ್ಣೊರೆಸಿಕೊಂಡು ಪ್ರಿಂಟ್ ತೆಗೆದುಕೊಟ್ಟ. ಆಮೇಲೆ ಕೇಳಿದ, "ಮೊದಲ ದಿನ ಯಾಕ ಖರೇ ಹೇಳಲಿಲ್ರಿ?"

"ಹೇಳಿದ್ರ ಖರೇ ಆಗ್ತದಂತ ಅಂಜಿದ್ದೆ."

"ಮತ್ತ ಇವತ್ತು? ಪ್ರಿಂಟಿಗಂತ ಅಷ್ಟ ಬಂದ್ರೇನು?"

ಶೀತಲ ತಲೆಯೆತ್ತಿದಳು. ಅತ್ತು ಬಾತ ಕಣ್ಣುಗಳು ಈ ಸಲ ತಪ್ಪಿಸಿಕೊಳ್ಳಲಿಲ್ಲ.

"ನಿಮಗಂತ ಬಂದೀನ್ರಿ. ಇದು ಖರೇ ಆಗ್ಲಿ ಅಂತನ ಬಾಯಿಬಿಟ್ಟು ಹೇಳಾಕತ್ತೇನಿ."

ಕೌಂಟರಿನ ಮೇಲೆ ಚಾಚಿದ ಅವಳ ಕೈ ಅವ್ವನ ಕೈಯಂತೆಯೇ ನಡುಗುತ್ತಿತ್ತು. ದತ್ತು ಅದನ್ನು ಮೆಲ್ಲಗೆ ಹಿಡಿದುಕೊಂಡ.

"ನಡುಗಲಿ ಬಿಡ್ರಿ," ಎಂದ. "ನಾ ಹಿಡದೀನಿ."