ಬಿದ್ದ ಮೆಟ್ಟಿಲಿಂದಲೇ

ಹುಣಸೆಹಣ್ಣು ಬಿಡಿಸುತ್ತಿದ್ದ ತೇಜಸ್ವಿನಿಯ ಬೆರಳುಗಳೆಲ್ಲ ಅಂಟಂಟು. ಆ ಬೆರಳಲ್ಲೇ ಲ್ಯಾಪ್‌ಟಾಪಿನ ಬಟನ್ ಒತ್ತಿದಳು. ಸ್ಕ್ರೀನಿನ ಮೇಲಿನ ಲಂಗದ ಹುಡುಗಿ ಮಧುಗಿರಿ ಬೆಟ್ಟದ ಕಡಿದಾದ ಬಂಡೆಯಿಂದ ಹಾರಿದಳು, ಜಾರಿದಳು, ಉರುಳಿಕೊಂಡು ಬೆಟ್ಟದ ಬುಡಕ್ಕೇ ಬಂದು ಬಿದ್ದಳು.

“ಥೂ! ಮತ್ತೆ ಮೊದಲಿಂದ!”

ಜಗಲಿಯ ಇನ್ನೊಂದು ತುದಿಯಲ್ಲಿ ಕೂತಿದ್ದ ಅಶ್ವತ್ಥ ನಗು ತಡೆದುಕೊಂಡ. ಆ ಗೇಮ್ ಅವನೇ ಕಟ್ಟಿದ್ದು. ಅವಳ ಕೈಲಿ ಆಡಿಸಿ ನೋಡುವ ನೆಪ ಹಿಡಿದು ತನ್ನೂರು ಕ್ಯಾತಗಾನಚೆರ್ಲಿನಿಂದ ಬಸ್ಸು ಹತ್ತಿ ಬಂದಿದ್ದ.

“ಕಷ್ಟ ಇರ್ಬೇಕು ಕಣೇ. ಸಲೀಸಾಗಿದ್ರೆ ಯಾರು ಆಡ್ತಾರೆ?”

“ಕಷ್ಟ ಬೇರೆ, ಹಿಂಸೆ ಬೇರೆ. ಯಾಕೆ ಬಿದ್ದೆ ಅಂತ ನಂಗೆ ಗೊತ್ತಾಗ್ಬೇಡ್ವಾ? ಅಲ್ಲ, ಆ ಬಂಡೆ ಮೇಲೆ ಯಾರಾದ್ರೂ ಹಾರ್ತಾರಾ? ನಮ್ಮ ಬೆಟ್ಟ ಹತ್ತಿದೀಯಾ ನೀನು?”

ಅವನ ಕಿವಿ ಕೆಂಪಾಯಿತು. “ಅರ್ಧ ಹತ್ತಿದ್ದೆ. ತಲೆ ಸುತ್ತು ಬಂತು, ಇಳ್ದುಬುಟ್ಟೆ.”

ಒಳಗೆ ಅವಳ ತಾಯಿ ಲಕ್ಷ್ಮೀದೇವಿ ಗೊಳ್ಳನೆ ನಕ್ಕರು. “ಅಲ್ಲಿ ಕುಂತ್ಕಂಡು, ಕೈಯೂರಿ ತೆವಳ್ಬೇಕು ಕಣಪ್ಪ!”

“ಸರಿ, ಕೂರಕ್ಕೊಂದು ಬಟನ್ ಇಡ್ತೀನಿ. ಇನ್ನೇನು ಮೇಡಂ?” ಎನ್ನುತ್ತ ಅವನು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡ.

“ಬಿದ್ರೆ ಬುಡಕ್ಕೆ ತಳ್ಬೇಡ. ಬಿದ್ದ ಮೆಟ್ಟಿಲಲ್ಲೇ ಎಬ್ಬಿಸಿ ನಿಲ್ಸು. ಹತ್ತಿದ್ದೆಲ್ಲ ಹೋಗುತ್ತೆ ಅಂದ್ರೆ ಹೆಜ್ಜೆ ಇಡಕ್ಕೇ ಭಯ.”

ಕೀಲಿಗಳ ಮೇಲೆ ಅವನ ಬೆರಳುಗಳು ನಿಂತವು. ದನಿ ತಗ್ಗಿತು. “ಅಲ್ಲೇ ಎಬ್ಬಿಸಿದ್ರೆ, ಹೆಜ್ಜೆ ಇಡ್ತೀಯಾ?”

ಅವನು ಕೇಳಿದ್ದು ಆಟದ ಮಾತಲ್ಲವೆಂದು ಅವಳಿಗೆ ತಿಳಿಯಿತು. ‘ನಿಮ್ಮನೇಲಿ ಕೇಳಕ್ಕೆ ಬರ್ಲಾ?’ ಎಂದು ಅವನು ಯುಗಾದಿಗೇ ಕೇಳಿದ್ದ. ಅವಳು ಫೋನಿನಲ್ಲಿ ಉತ್ತರ ಕಳಿಸುವಳು, ಅವನು ಓದುವಷ್ಟರಲ್ಲಿ ಅಳಿಸುವಳು. ಸಾಕಾಗಿ ಅವನು, ‘ಕಾಗದ ಬರ್ದು ಪೋಸ್ಟಿಗೆ ಹಾಕು, ಅದನ್ನ ಅಳ್ಸಕ್ಕಾಗಲ್ಲ’ ಎಂದಿದ್ದ. ಅವಳು ‘ಬಾ’ ಅಂತ ಬರೆದಳು. ಆ ಲಕೋಟೆ ಇನ್ನೂ ಬಳೆಪೆಟ್ಟಿಗೆಯ ಅಡಿಯಲ್ಲೇ ಇತ್ತು. ಅಪ್ಪ ಒಲ್ಲೆ ಎಂದರೆ ಈ ಜಗಲಿ, ಈ ಜಗಳ, ಈ ಕಳ್ಳನೋಟ, ಎಲ್ಲ ಒಟ್ಟಿಗೇ ಹೋಗಿಬಿಟ್ಟರೆ?

“ಅಪ್ಪ ಬೇಡ ಅಂದ್ಬುಟ್ರೆ?” ಪಿಸುಗುಟ್ಟಿದಳು.

“ಇನ್ನೊಂದ್ಸಲ ಕೇಳ್ತೀನಿ. ಬಿದ್ದ ಮೆಟ್ಟಿಲಿಂದಲೇ. ಬುಡಕ್ಕೆ ವಾಪಸ್ ಹೋಗೋನಲ್ಲ ನಾನು.”

ಅವಳು ಹುಣಸೆಬೀಜವೊಂದನ್ನು ಸುಮ್ಮನೆ ಉರುಳಿಸುತ್ತ ಕೂತಳು. ಅವನು ಏನೇನೋ ತಿದ್ದಿ ಲ್ಯಾಪ್‌ಟಾಪನ್ನು ಅವಳತ್ತ ಸರಿಸಿದ.

ಈ ಸಲ ಬಿದ್ದ ಹುಡುಗಿ ಲಂಗ ಕೊಡವಿಕೊಂಡು ಅಲ್ಲೇ ನಿಂತಳು. ಮತ್ತೆ ಬಿದ್ದಳು, ಮತ್ತೆ ಎದ್ದಳು. ಕೂತು, ತೆವಳಿ, ಕೊನೆಗೂ ತುದಿ ಮುಟ್ಟಿದಳು. ಅಲ್ಲಿ ಬರೀ ಆಕಾಶ.

“ಇಲ್ಲೇನೂ ಇಲ್ವಲ್ಲೋ!”

“ಇನ್ನೂ ಮಾಡಿಲ್ಲ. ಕಾಗದ ಬರ್ಲಿ ಅಂತ ಕಾಯ್ತಿದೀನಿ.”

ತೇಜಸ್ವಿನಿ ದಡಕ್ಕನೆ ಎದ್ದಳು. ಒಳಗೆ ಹೋದವಳು ವೇಲಿನ ಮರೆಯಲ್ಲಿ ಲಕೋಟೆ ಹಿಡಿದು ಹೊರಬಂದಳು.

“ಲೇ ತೇಜು, ಹಣ್ಣು ಬುಟ್ಟು ಎಲ್ಲಿಗೇ?”

“ಬಂದೆ ಕಣಮ್ಮ!”

ಬೀದಿಯ ಕೊನೆಯ ಪೋಸ್ಟ್ ಡಬ್ಬದ ಹತ್ತಿರ ಅಶ್ವತ್ಥ ಏದುಸಿರು ಬಿಡುತ್ತ ಬಂದು ಸೇರಿದ. “ಕೈಗೇ ಕೊಡೇ.”

“ಪೋಸ್ಟಿಗೆ ಹಾಕು ಅಂದೋನು ನೀನೇ. ಊರಿಗೋಗಿ ಕಾಯಿ.”

ಲಕೋಟೆ ಒಳಗೆ ಬಿತ್ತು. ಆ ಕ್ಷಣವೇ, ಅಳಿಸುವ ಅಭ್ಯಾಸದಲ್ಲಿ, ಅವಳ ಬೆರಳುಗಳು ಡಬ್ಬದ ಬಾಯೊಳಗೆ ತಡಕಾಡಿದವು. ಏನೂ ಸಿಗಲಿಲ್ಲ.

“ಇನ್ನು ಅಳ್ಸಕ್ಕಾಗಲ್ಲ,” ಎಂದ ಅವನು, ಮೆಲ್ಲಗೆ.

“ಗೊತ್ತು ಬುಡು,” ಎಂದು ಅವಳು ಅಂಟು ಬೆರಳನ್ನು ಅವನ ಅಂಗಿಯ ತೋಳಿಗೆ ಒರೆಸಿದಳು.