ಹೆಸರು ಬರೆಯದ ಮೂರು ಚೀಟಿಗಳು

ಅಸಂಗಿಯ ಚಾವಡಿಯ ಮಗ್ಗುಲಿಗಿದ್ದ ವಾಚನಾಲಯದಲ್ಲಿ ಸೋಮನಿಂಗಪ್ಪ ಕಪಾಟಿನ ಮುಂದೆ ನಿಂತು ಪುಸ್ತಕಗಳನ್ನು ಮೂರನೆಯ ಸಲ ಎಣಿಸಿದ. ನೀಲಿ ರಟ್ಟಿನ ರಾಣಿಯ ಕತೆಯ ಮೊದಲನೆಯ ಭಾಗ ಇತ್ತು. ಎರಡನೆಯದೂ ಇತ್ತು. ಮೂರನೆಯದು ಇರಬೇಕಾದ ಜಾಗದಲ್ಲಿ ನಾಲ್ಕು ಬೆರಳಿನಷ್ಟು ಕತ್ತಲೆ ಇತ್ತು. ಕೈ ಹಾಕಿ ನೋಡಿದ. ಗೋಡೆ ತಣ್ಣಗೆ ತಾಗಿತು.

ಅದು ೧೯೬೮ನೆಯ ಇಸವಿ, ಚಳಿಗಾಲದ ಒಂದು ಮಂಗಳವಾರ. ಗುಡ್ಡಾಪುರದ ಭೀಮರಾಯನ ಪತ್ರ ಅಂದೇ ಮುಂಜಾನೆ ಬಂದಿತ್ತು. ಕಪಾಟು ಅವನದು, ಅದರೊಳಗಿನ ನಲವತ್ತೆರಡು ಪುಸ್ತಕಗಳೂ ಅವನವು. ಊರವರು ಓದಲಿ ಎಂದು ಮೂರು ವರ್ಷದ ಹಿಂದೆ ಕೊಟ್ಟಿದ್ದ. ‘ಓದುಗರ ಪಟ್ಟಿಯಲ್ಲಿ ಹೆಸರಿಲ್ಲದವರ ಕೈಗೂ ಪುಸ್ತಕಗಳು ಹೋಗುತ್ತಿವೆಯೆಂದು ಕೇಳಿದ್ದೇನೆ. ಗುರುವಾರ ಬರುತ್ತೇನೆ. ನೀಲಿ ರಟ್ಟಿನ ಮೂರೂ ಭಾಗ ನಮ್ಮ ತಂದೆಯವರವು. ಅವುಗಳಲ್ಲಿ ಒಂದು ಇಲ್ಲದಿದ್ದರೂ ಕಪಾಟನ್ನೇ ಬಂಡಿಯಲ್ಲಿ ಹೇರಿಕೊಂಡು ಹೋಗುತ್ತೇನೆ’ ಎಂದು ಬರೆದಿದ್ದ.

ಸೋಮನಿಂಗಪ್ಪ ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಹೆಂಡತಿ ತೀರಿಕೊಂಡ ಮೇಲೆ ಆ ಕೋಣೆಯೇ ಅವನಿಗೆ ಮನೆಯಾಗಿತ್ತು. ಬೀಗದ ಕೈ ಒಂದೇ ಇತ್ತು, ಅದು ಅವನ ಉಡುದಾರದಲ್ಲಿತ್ತು. ಕಳವಾಗಿದೆಯೆಂದರೆ ಮೊದಲ ಬೆರಳು ತನ್ನತ್ತಲೇ ತೋರುತ್ತದೆಂದು ಅವನಿಗೆ ಗೊತ್ತಿತ್ತು. ಬೀಗ ಹಾಕಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ನೇರ ಇಂದ್ರಾಬಾಯಿಯ ಮನೆಗೆ ನಡೆದ.

ಇಂದ್ರಾಬಾಯಿ ಸೂಲಗಿತ್ತಿ. ಎಪ್ಪತ್ತರ ಹತ್ತಿರದ ಜೀವ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಯಾರು ಯಾವ ಅಮಾವಾಸ್ಯೆಗೆ ಹುಟ್ಟಿದರೆಂಬುದು ಆಕೆಯ ನೆನಪಿನಲ್ಲಿತ್ತು. ಊರಲ್ಲಿ ಮೂಗುತಿ ಕಳೆದರೂ ಟಗರು ಕಾಣೆಯಾದರೂ ಜನ ಪೊಲೀಸ್ ಪಾಟೀಲನಿಗಿಂತ ಮೊದಲು ಆಕೆಯ ಕಟ್ಟೆಗೆ ಬರುತ್ತಿದ್ದರು. ಸೋಮನಿಂಗಪ್ಪ ದಿನಾ ಮಧ್ಯಾಹ್ನ ಆಕೆಗೆ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದ. ಅರ್ಧ ಪುಸ್ತಕಕ್ಕೇ ಆಕೆ, “ಕೊಂದಾಂವ ಅಡಗಿ ಭಟ್ಟ ಅದಾನ, ಮುಂದಿಂದು ಓದು” ಅನ್ನುತ್ತಿದ್ದಳು. ಆಕೆಯ ಮಾತು ಸುಳ್ಳಾದದ್ದು ಅವನು ಕಂಡಿರಲಿಲ್ಲ.

“ಅಕ್ಕಾರ, ನನ್ನ ಕೈಲೆ ಏನೂ ತಿಳೀವಲ್ದು,” ಎಂದು ಅವನು ಕಟ್ಟೆಯ ಮೇಲೆ ಕುಸಿದು ಎಲ್ಲವನ್ನೂ ಹೇಳಿದ.

“ಮೊದಲ ನೀರ ಕುಡಿ. ಕಡೀಕ ಆ ಪುಸ್ತಕ ಯಾವತ್ತ ಕಂಡಿದ್ದಿ?”

“ಹ್ವಾದ ಸೋಮವಾರ ಮುಂಜಾನೆರಿ. ಇವತ್ತಿಗೆ ಎಂಟ ದಿನ ಆತು.”

“ಆಮ್ಯಾಲ ಒಳಗ ಯಾರ್ಯಾರು ಬಂದ್ರು?”

“ಸಿಂಪಿಗ ಶಿದ್ರಾಯ, ಮಾಸ್ತರ ಹೆಂಡತಿ ಚಂದ್ರಾಬಾಯಿ. ಇಬ್ಬರೇರಿ. ಕಪಾಟಿಗೆ ಯಾರೂ ಕೈ ಹಚ್ಚಾಂಗಿಲ್ಲ, ನಾನ ತಗದು ಕೊಡ್ತೀನಿ. ಸೋಮವಾರಕ್ಕೊಮ್ಮಿ ಯಮನವ್ವ ನೆಲಾ ಸಾರಸಾಕ ಬರ್ತಾಳ. ಆವಾಗ ನಾ ಹೊರಗ ಬೇವಿನ ಗಿಡದ ಕೆಳಗ ಕುಂತಿರ್ತೀನಿ. ಬಾಗಲಾ ನನ್ನ ಕಣ್ಣಮುಂದನ ಇರ್ತದ, ಬ್ಯಾರೆ ಯಾರೂ ಒಳಗ ಹೋಗಿಲ್ಲ.”

ಇಂದ್ರಾಬಾಯಿ ಅವನನ್ನೇ ನೋಡುತ್ತ ಕುಳಿತಳು. “ಇನ್ನೇನೋ ಮುಚ್ಚಿಟ್ಟೀ, ಸೋಮನಿಂಗ. ನಿನ್ನ ಕಾಲ ಕುಣ್ಯಾಕತ್ತಾವ.”

ಅವನು ಟೋಪಿಯ ಮಡಿಕೆಯಿಂದ ಮೂರು ಚೀಟಿ ತೆಗೆದ. ಓದಿ ಮುಗಿಸಿದವರು ತಮಗೆ ಅನ್ನಿಸಿದ್ದನ್ನು ಎರಡು ಸಾಲು ಬರೆದು, ಹೆಸರು ಹಾಕಿ ಪುಸ್ತಕದಲ್ಲಿಡುವುದು ಆ ವಾಚನಾಲಯದ ರೂಢಿ. ಈ ಮೂರಕ್ಕೆ ಹೆಸರಿರಲಿಲ್ಲ. ಒಂದು ಪತ್ತೇದಾರಿ ಕಾದಂಬರಿಯಲ್ಲಿತ್ತು, ಇನ್ನೆರಡು ನೀಲಿ ರಟ್ಟಿನ ಮೊದಲೆರಡು ಭಾಗಗಳಲ್ಲಿ.

“ಮಳಿಗಾಲದಿಂದ ಈ ಮೂರೂ ಪುಸ್ತಕ ನಾ ಯಾರಿಗೂ ಕೊಟ್ಟಿಲ್ರಿ. ಆದ್ರ ಯಾರೋ ಓದ್ಯಾರ, ಓದಿ ತಂದ ಇಟ್ಟಾರ! ಅಂಜಿಕಿ ಬಂದು ಯಾರ ಮುಂದೂ ಹೇಳಲಿಲ್ಲ.”

“ಓದು.”

ಅವನು ಬೆರಳಿಟ್ಟು ಓದಿದ. ಮೊದಲನೆಯದು: ‘ಕೊಲೆಗಾರ ಯಾರೆಂಬುದು ಕಡೆಯ ಹಾಳೆಯ ತನಕ ನನಗೆ ತಿಳಿಯಲಿಲ್ಲ, ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಮುಂಜಾನೆ ಸಾರಿಸಿದ ನೆಲದಲ್ಲಿ ಸಂಜೆಗೆ ಬಂದವನ ಹೆಜ್ಜೆ ಮೂಡಿತ್ತು ಎಂದು ಬರೆದಿದ್ದಾರೆ. ಸಾರಿಸಿದ ನೆಲ ಅಷ್ಟೊತ್ತಿಗೆ ಗಟ್ಟಿಯಾಗಿರುತ್ತದೆ, ಹೆಜ್ಜೆ ಮೂಡುವುದಿಲ್ಲ.’

ಎರಡನೆಯದು: ‘ರಾಣಿ ಕೋಟೆಯಿಂದ ಪಾರಾಗುವುದು ಚೆನ್ನಾಗಿದೆ. ಆಕೆಗೆ ಕರಿ ಕಂಬಳಿಯನ್ನು ಒಂದೇ ದಿನದಲ್ಲಿ ನೇಯ್ದು ಕೊಟ್ಟರೆಂಬುದು ಸುಳ್ಳು. ಗಂಜಿ ಒಣಗುವುದಕ್ಕೇ ಒಂದು ದಿನ ಬೇಕು.’

ಮೂರನೆಯದು: ‘ರಾಜನ ಕುದುರೆ ಸಾಯುವುದಕ್ಕೆ ಆರು ಪುಟ. ಅವನ ತಾಯಿ ಸಾಯುವುದಕ್ಕೆ ಎರಡು ಸಾಲು. ಕುದುರೆಗೂ ಅತ್ತೆ. ತಾಯಿಗೆ ಅಳಲು ಬರೆದವರು ಜಾಗವನ್ನೇ ಕೊಟ್ಟಿಲ್ಲ.’

ಇಂದ್ರಾಬಾಯಿ ಚೀಟಿಗಳನ್ನು ಒಂದೊಂದಾಗಿ ಮಡಿಚಿ ಅವನ ಕೈಗಿಟ್ಟಳು. ಆಮೇಲೆ, “ಚಲೋ ಓದ್ಯಾರ,” ಅಂದಳು.

ಅಷ್ಟರಲ್ಲಿ ಶಿದ್ರಾಯ ಅಳತೆಯ ಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಬಂದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. “ಇದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ಓದೂ ಹೆಣಮಗಳು ಊರಾಗ ಒಬ್ಬಾಕೆ, ಚಂದ್ರಾಬಾಯಿ. ರಾಣಿ ಕತಿ ಮ್ಯಾಲ ಆಕೀಗೆ ಜೀವ. ನಾನಂತೂ ಯಾವ ಪುಸ್ತಕಾನೂ ಮೊದಲ ಕಡೀ ಹಾಳಿ ನೋಡೇ ಹಿಡೀತೀನಿ. ಇಲ್ಲೂ ಕಡೀ ಹಾಳಿ ನನಗ ಕಾಣಸಾಕತ್ತದ!”

“ಅಂಗಿಗೆ ಮೊದಲ ಗುಂಡಿ ಹಚ್ಚಿ ಆಮ್ಯಾಲ ಬಟ್ಟಿ ಕತ್ತರಸ್ತಿಯೇನೋ ನೀ?” ಎಂದು ಇಂದ್ರಾಬಾಯಿ ಎದ್ದಳು. “ನಡಿ ಸೋಮನಿಂಗ, ಕ್ವಾಣಿ ತೋರ್ಸು.”

ಕೋಣೆಯಲ್ಲಿ ಆಕೆ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ನೋಡಿದಳು. ಮೊಣಕೈ ದಾಟಲಿಲ್ಲ, ಕಪಾಟು ಆಚೆಯ ಗೋಡೆಗಿತ್ತು. ಎರಡನೆಯ ಭಾಗವನ್ನು ತೆಗೆದು ತಲೆಕೆಳಗು ಮಾಡಿ ಸೋಮನಿಂಗಪ್ಪ ಹಾಸಿಕೊಟ್ಟ ಬಿಳಿ ಪಂಚೆಯ ಮೇಲೆ ಬಡಿದಳು. ಒಂದೆರಡು ಕರಿ ಉಣ್ಣೆಯ ಎಳೆ ಬಿದ್ದವು. ಜೊತೆಗೆ ಈರುಳ್ಳಿಯ ಒಣ ಸಿಪ್ಪೆಯಂಥ ಒಂದು ಚೂರು. ಆಕೆ ಅದನ್ನು ನಾಲಿಗೆಯ ತುದಿಗೆ ಮುಟ್ಟಿಸಿದಳು.

“ಹುಣಸಿ ಬೀಜದ ಗಂಜಿ, ಕಂಬಳಿಗೆ ಹಚ್ಚೂದು. ಊರಾಗ ಈಗ ಮಗ್ಗದ ಮ್ಯಾಲ ಯಾರ ಕಂಬಳಿ ಅದ?”

“ಪೂಜಾರಿ ಅಮಸಿದ್ದ ಕಾಕಾಂದು ಒಂದ ಇತ್ತ್ರಿ. ಅದೂ ಐತವಾರ ಇಳೀತು. ಬೀರಪ್ಪನ ಗದ್ದಿಗಿಗೆ ಕೊಟ್ಟಾರ.”

ಬೀರಪ್ಪನ ಗುಡಿಯಲ್ಲಿ ವರ್ಷಕ್ಕೊಮ್ಮೆ ಹೊಸ ಕರಿ ಕಂಬಳಿಯ ಗದ್ದುಗೆ ಹಾಕುವುದು ಆ ಊರಿನ ಪದ್ಧತಿ. ಕಂಬಳಿಯ ಮಡಿಕೆ ಬಿಚ್ಚದೆ, ನೆಲಕ್ಕಿಳಿಸದೆ, ಮನೆಯಿಂದ ತಲೆಯ ಮೇಲೆ ಹೊತ್ತು ತಂದು ದೇವರ ಮುಂದೆ ಇಟ್ಟು ಭಂಡಾರದ ಅರಿಸಿನ ಎರಚಬೇಕು. ಐದನೆಯ ದಿನದ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ.

“ಗದ್ದಿಗಿ ಯಾವತ್ತ ಏಳ್ತದ?”

“ಗುರುವಾರರಿ.”

ಇಂದ್ರಾಬಾಯಿಯ ಮುಖ ಬಾಡಿತು. ಆಕೆ ಹಾಗೆ ಕಂಗೆಟ್ಟದ್ದನ್ನು ಸೋಮನಿಂಗಪ್ಪ ಹಿಂದೆಂದೂ ಕಂಡಿರಲಿಲ್ಲ. “ಭೀಮರಾಯ ಬರೂದೂ ಗುರುವಾರ,” ಎಂದಷ್ಟೇ ಹೇಳಿದಳು.

ಬುಧವಾರ ಆಕೆ ಅಮಸಿದ್ದನ ಮನೆಗೆ ಹೋಗಿ, ಒಂದು ಅಡಿಕೆ ಹೋಳು ಬೇಡಿ ತಿಂದು, ಮಗ್ಗದ ಹತ್ತಿರ ಕುಳಿತು ಬಂದಳು. ಏನು ಕಂಡೆ ಎಂದರೆ ಹೇಳಲಿಲ್ಲ. ಸೋಮನಿಂಗಪ್ಪ ಅಂದು ಸಣ್ಣ ಸಪ್ಪಳಕ್ಕೂ ಬಂಡಿ ಬಂತೆಂದು ಎದ್ದು ನಿಲ್ಲುತ್ತಿದ್ದ.

ಗುರುವಾರ ಬಿಸಿಲೇರುವ ಹೊತ್ತಿಗೆ ಬಂಡಿ ಬಂದೇ ಬಂತು. ಇಂದ್ರಾಬಾಯಿ ಭೀಮರಾಯನನ್ನು ಚಾವಡಿಗೆ ಹೋಗಲು ಬಿಡಲಿಲ್ಲ. “ನಿಮ್ಮ ಪುಸ್ತಕದ ಮಾತು ಗುಡಿ ಮುಂದ ಆಗೂದದ, ಬರ್ರಿ,” ಎಂದು ಕರೆದೊಯ್ದಳು. ಅಂಗಳದಲ್ಲಿ ಗದ್ದುಗೆ ಎತ್ತಲು ಜನ ಕೂಡಿದ್ದರು. ಪೂಜಾರಿ ಅಮಸಿದ್ದ ಹೊಸ್ತಿಲ ಬಳಿ ಕುಳಿತಿದ್ದ. ಅವನ ಸೊಸೆ ಯಮನವ್ವ ನೀರಿನ ಕೊಡ ಹಿಡಿದು ಕಂಬದ ಮರೆಗೆ ನಿಂತಿದ್ದಳು. ಶಿದ್ರಾಯ ಚಂದ್ರಾಬಾಯಿಯನ್ನೇ ನೋಡುತ್ತಿದ್ದ.

“ಕೀಲಿಕೈ ಇದ್ದಾಂವನ ಕಳ್ಳ,” ಅಂದ ಭೀಮರಾಯ. “ಇದರಾಗ ಪತ್ತೆ ಮಾಡೂದೇನದ?”



“ಸಾವಕಾಶರಿ,” ಅಂದಳು ಇಂದ್ರಾಬಾಯಿ. “ಸೋಮನಿಂಗ ಮೂರು ವರ್ಷದಾಗ ನಲವತ್ತ ಚೀಟಿ ಬರದಾನ. ಎಲ್ಲಾದರಾಗೂ ಒಂದ ಮಾತು: ಪುಸ್ತಕ ಚಲೋ ಅದ, ಎಲ್ಲಾರೂ ಓದಬೇಕು. ಬರದಾಂವ ತಪ್ಪ ಮಾಡ್ಯಾನ ಅನ್ನೂ ಧೈರ್ಯ ಇಂವಗಿಲ್ಲ. ಈ ಚೀಟಿ ಇವನವು ಅಲ್ಲ.”

ಜನ ನಕ್ಕರು. ಸೋಮನಿಂಗಪ್ಪನಿಗೆ ನಾಚಿಕೆಯಾಯಿತು, ಒಳಗೊಳಗೇ ಉಸಿರೂ ಬಂತು. ಆಕೆ ಅವನಿಂದ ಮೂರೂ ಚೀಟಿ ಓದಿಸಿದಳು.

“ಓದಿದಾವರು ಕಡೀ ಹಾಳಿ ತನಕ ಕಾದಾರ. ಅಂದ್ರ ಶಿದ್ರಾಯ ಅಲ್ಲ, ಅಂವ ಕಡೀದ ಮೊದಲ ಓದ್ತಾನ. ಸಾರಿಸಿದ ನೆಲದ ಗುಣ ಅವರ ಕೈಗೆ ಗೊತ್ತದ. ಅಂದ್ರ ಚಂದ್ರಾಬಾಯಿ ಅಲ್ಲ.”

“ಯಾಕ ಅಲ್ಲ?” ಎಂದ ಶಿದ್ರಾಯ.

“ನಮ್ಮನ್ಯಾಗ ಫರಸಿ ಕಲ್ಲು ಹಾಸೇದೋ, ಶಿದ್ರಾಯಣ್ಣ!” ಎಂದು ಚಂದ್ರಾಬಾಯಿ ಮೊದಲ ಬಾರಿ ಬಾಯಿ ತೆರೆದಳು. “ಹತ್ತ ವರ್ಷ ಆತು ನಾ ಸೆಗಣಿ ಮುಟ್ಟಿ. ನನ್ನ ಕಳ್ಳಿ ಅಂದೀ, ಇನ್ನ ನನ್ನ ಕುಬಸ ಹೊಲೀತೀನಿ ಅಂತ ಬಾ!”

“ಎರಡನೇ ಚೀಟಿ ಬರದಾವರಿಗೆ ಕಂಬಳಿ ಗಂಜಿ ಎಷ್ಟೊತ್ತಿಗೆ ಒಣಗ್ತದ ಗೊತ್ತದ,” ಎಂದು ಇಂದ್ರಾಬಾಯಿ ಮುಂದುವರಿಸಿದಳು. “ಪುಸ್ತಕದಾಗ ಅದ ಗಂಜಿ ಚೂರು ಸಿಕ್ತು. ಹಳೀ ಕಂಬಳಿಯಿಂದ ಅದು ಉದುರೂದಿಲ್ಲ, ಹೊಸಾದರಿಂದ ಉದುರ್ತದ. ಹೊಸಾ ಕಂಬಳಿ ಇದ್ದದ್ದು ಒಂದ ಮನ್ಯಾಗ. ಆ ಮನೀಯವರು ಯಾರಾದ್ರೂ ವಾಚನಾಲಯದೊಳಗ ಒಬ್ಬರ ಇರ್ತಾರೇನು? ಇರ್ತಾರ, ಸೋಮವಾರಕ್ಕೊಮ್ಮಿ. ಬಾಗಲಾ ಕಾಯ್ಕೋತ ಕುಂತ ಸೋಮನಿಂಗನ ಕಣ್ಣಿಗೆ ಸೆಗಣಿ ಬುಟ್ಟಿ ಕಾಣ್ತದ, ಸೆರಗಿನ ಒಳಗಿಂದು ಕಾಣೂದಿಲ್ಲ. ಹೆಸರು ನಾ ಹೇಳಾಂಗಿಲ್ಲ. ಹೇಳಬೇಕಾದಾವರು ಇಲ್ಲೇ ನಿಂತಾರ.”

ಕಂಬದ ಮರೆಯಲ್ಲಿ ಕೊಡ ನೆಲಕ್ಕಿಳಿದ ಸಪ್ಪಳವಾಯಿತು.

“ನಾನ ರಿ,” ಅಂದಳು ಯಮನವ್ವ. “ಕುಣಿಕೋಣೂರಾಗ ನಾಕನೇ ಇಯತ್ತೆ ತನಕ ಸಾಲಿಗೆ ಹೋಗೀನಿ. ಪಟ್ಟಿಗೆ ಮನೀ ಹಿರೇರ ಹೆಬ್ಬಟ್ಟ ಬೇಕು ಅಂದ್ರು. ಮಾವನ್ನ ಕೇಳಿದೆ, ಬ್ಯಾಡ ಅಂದ್ರು. ಒಂದ ಒಯ್ಯೂದು, ಮುಂದಿನ ಸೋಮವಾರ ತಂದ ಇಡೂದು. ಮೂರನೇದು ಮಗ್ಗದ ಹಂತೇಕ ಓದ್ಕೋತ ಕುಂತಿದ್ದೆ. ಮಾವ ಬಂದ್ರು ಅಂತ ಹೊಸಾ ಕಂಬಳಿ ಮಡಿಕ್ಯಾಗ ತುರುಕಿದೆ. ನೀರಿಗೆ ಹೋಗಿ ಬರೂದ್ರಾಗ...” ಆಕೆ ಗುಡಿಯೊಳಗೆ ನೋಡಿದಳು. “ಮಾವ ಹೊತ್ಕೊಂಡ ನಡದಿದ್ರು.”

ಎಲ್ಲರ ಕಣ್ಣು ಗದ್ದುಗೆಯತ್ತ ಹೊರಳಿದವು. ನಾಲ್ಕು ದಿನದಿಂದ ಊರೆಲ್ಲ ಅದಕ್ಕೆ ಅಡ್ಡಬಿದ್ದಿತ್ತು.

“ಹ್ವಾದ ಪುಸ್ತಕ ಈ ಸೋಮವಾರ ತಿರುಗಿ ಬರಲಿಲ್ಲ, ನಡುವ ಆ ಮನೀಯಿಂದ ಹೊರಗ ಹ್ವಾದದ್ದು ಈ ಕಂಬಳಿ ಒಂದ. ಮಡಿಕಿ ಬಿಚ್ಚದ ಒಯ್ಯೂ ಪದ್ಧತಿ ಇರಲಿಲ್ಲಂದ್ರ ಅಮಸಿದ್ದಗ ಅವತ್ತ ತಿಳೀತಿತ್ತು,” ಅಂದಳು ಇಂದ್ರಾಬಾಯಿ. “ಗದ್ದಿಗಿ ಎತ್ತಿದಾಗ ಎಲ್ಲಾರ ಮುಂದ ದಪ್ಪಂತ ಬಿದ್ರ ಈಕಿ ಗತಿ ಏನಂತ ನನಗ ಮೊನ್ನೆಯಿಂದ ಜೀವ ಹಿಂಡಾಕತ್ತಿತ್ತು. ಅದಕ್ಕ ಮೊದಲ ಮಾತು ಆಗಲಿ ಅಂದೆ.”

ಅಮಸಿದ್ದ ಎದ್ದ. ಸೊಸೆಯ ಕಡೆ ನೋಡಲಿಲ್ಲ. ಒಳಗೆ ಹೋಗಿ ಕೈಮುಗಿದು ಕಂಬಳಿ ಎತ್ತಿದ. ಮೂರನೆಯ ಮಡಿಕೆಯಲ್ಲಿ ನೀಲಿ ರಟ್ಟು ಕಂಡಿತು. ಅವನ ಕೈ ಅಲ್ಲೇ ನಿಂತಿತು.

“ಸೆಗಣಿ ಕೈಲೆ ನಮ್ಮಪ್ಪನ ಪುಸ್ತಕ!” ಎಂದು ಭೀಮರಾಯ ಕೂಗಿದ. “ಅದೂ ಕದ್ದು!”

ಇಂದ್ರಾಬಾಯಿ ಸೋಮನಿಂಗಪ್ಪನ ಬಗಲಲ್ಲಿದ್ದ ಮೊದಲೆರಡು ಭಾಗಗಳನ್ನು ಭೀಮರಾಯನ ಮುಂದೆ ಹಿಡಿದಳು. “ಒಂದ ಸೆಗಣಿ ಕಲೆ ತೋರಸ್ರಿ. ಪಟ್ಟಿಯಾಗ ಹೆಸರಿದ್ದ ದೊಡ್ಡ ಮಂದಿ ಎಣ್ಣಿ ಬೆರಳು ಬೇಕಾದಷ್ಟ ಅದಾವ, ಈಕಿ ಓದಿದ್ದರ ಗುರುತು ಚೀಟಿ ಅಷ್ಟ. ಕಳ್ಳರು ತಿರುಗಿ ತಂದ ಇಡ್ತಾರೇನ್ರಿ?”

ಭೀಮರಾಯ ಹಾಳೆ ತಿರುವಿದ. ಸೆಗಣಿಯ ಕಲೆ ಸಿಗಲಿಲ್ಲ. “ಓದಿದ್ದ ಖರೇ ಇದ್ರ ಹೇಳಲಿ,” ಅಂದ. “ಮೂರನೇ ಭಾಗದಾಗ ರಾಣಿ ಕೋಟಿ ಬಿಟ್ಟ ಕೊಟ್ಟಳೋ, ಇಲ್ಲೋ?”

“ಇನ್ನ ಹತ್ತ ಪುಟ ಉಳದಾವ್ರಿ, ಗೊತ್ತಿಲ್ಲ,” ಅಂದಳು ಯಮನವ್ವ. “ನೀವ ಹೇಳಬ್ಯಾಡ್ರಿ ಮತ್ತ.”

“ಅವರು ಹೇಳೂದು ಹ್ಯಾಂಗ?” ಎಂದು ಇಂದ್ರಾಬಾಯಿ ಮೆತ್ತಗೆ ಕೇಳಿದಳು. “ನೀವ ಓದೀರೇನ್ರಿ, ಭೀಮರಾಯರ?”

ಭೀಮರಾಯ ರುಮಾಲು ಸರಿಪಡಿಸಿಕೊಂಡ.

ಅಮಸಿದ್ದ ಪುಸ್ತಕ ಹಿಡಿದು ಹೊರಗೆ ಬಂದ. ಅದನ್ನು ಒಡೆಯನ ಕೈಗೆ ಕೊಡಲಿಲ್ಲ, ಸೊಸೆಯ ಮುಂದೆ ಚಾಚಿದ. “ನಾಕ ದಿನ ದೇವ್ರ ಸುಮ್ಮನ ಇಟ್ಕೊಂಡಾನ. ನಾ ಬ್ಯಾಡ ಅನ್ನಾಕ ಯಾರು?” ಆಮೇಲೆ ಸೋಮನಿಂಗಪ್ಪನ ಕಡೆ ತಿರುಗಿದ. “ಆ ನಿನ್ನ ಪಟ್ಟಿ ತಾ. ಎಲ್ಲಿ ಒತ್ತಬೇಕು ತೋರ್ಸು.”

“ಪಟ್ಟಿ ಇರಬೇಕಂದ್ರ ಕಪಾಟ ಇರಬೇಕಲ್ರಿ,” ಎಂದ ಸೋಮನಿಂಗಪ್ಪ. ಅಷ್ಟು ಜನರ ಮುಂದೆ ತಾನು ಬಾಯಿ ಬಿಟ್ಟೆನೆಂದು ಅವನಿಗೇ ನಂಬಿಕೆಯಾಗಲಿಲ್ಲ. ಎಲ್ಲರೂ ಭೀಮರಾಯನನ್ನು ನೋಡಿದರು.

ಭೀಮರಾಯ ಸ್ವಲ್ಪ ಹೊತ್ತು ಬಂಡಿಯನ್ನು ನೋಡಿದ, ಸ್ವಲ್ಪ ಹೊತ್ತು ಪುಸ್ತಕವನ್ನು. ಕೊನೆಗೆ ಕಟ್ಟೆಯ ಮೇಲೆ ಕುಳಿತ. “ಆ ಹತ್ತ ಪುಟ ಮೊದಲ ಓದಲಿ. ಆಮ್ಯಾಲ ಹೇಳ್ತೀನಿ.”

ಯಮನವ್ವ ಸೆರಗಿಗೆ ಕೈ ಒರೆಸಿಕೊಂಡು ಕಂಬಕ್ಕೆ ಒರಗಿ ಕುಳಿತಳು. ಮೊದಲ ಪುಟದಲ್ಲಿ ಮಾತು ತಡವರಿಸಿತು. ಎರಡನೆಯದರಲ್ಲಿ ಶಿದ್ರಾಯ ಕೆಮ್ಮಿದ್ದಕ್ಕೆ ಮೂವರು ಅವನನ್ನು ಗದರಿಸಿದರು. ಕೋಟೆಗೆ ಬೆಂಕಿ ಬಿತ್ತು, ರಾಣಿ ಬಾಗಿಲಿಗೆ ಬಂದಳು. ಸೋಮನಿಂಗಪ್ಪ ಓದುವವಳನ್ನು ನೋಡಲಿಲ್ಲ, ಭೀಮರಾಯನ ಮುಖವನ್ನೇ ನೋಡುತ್ತಿದ್ದ. ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ.

ಏಳನೆಯ ಪುಟಕ್ಕೆ ಬಂಡಿಯವ ಹತ್ತಿರ ಬಂದು, ಕಪಾಟು ಹೇರಲು ಆಳು ಕರೆಯಲೇ ಎಂದು ಪಿಸುಗುಟ್ಟಿದ. ಭೀಮರಾಯ ಅವನನ್ನು ಕೈಯಿಂದಲೇ ಆಚೆ ದೂಡಿದ. “ಬಂಡಿ ಬರಿದ ಹೋಗಲಿ. ಸುಮ್ಮನ ಕುಂದ್ರ ನೀ.” ಮತ್ತೆ ಯಮನವ್ವನ ಕಡೆ ಬಾಗಿದ.

“ಆ ಸಾಲು ಇನ್ನೊಮ್ಮಿ ಓದವ್ವಾ. ಕೇಳಸಲಿಲ್ಲ.”