ಲೆಂಕನ ಮಡದಿ

ಬಳಗುಪ್ಪೆಯ ಕೋಟೆಯ ಮೇಲೆ ಮಧ್ಯಾಹ್ನದ ನಗಾರಿ ಮೊಳಗಿದಾಗ ಪಟ್ಟದಾನೆಗಳು ಕೆರೆಯಿಂದ ಹಿಂದಿರುಗುತ್ತಿದ್ದವು. ರಾಜಬೀದಿಯ ವರ್ತಕರು ಬಿಸಿಲಿಗೆ ಅಂಜಿ ಅಂಗಡಿಗಳ ತೆರೆ ಇಳಿಸುತ್ತಿದ್ದರು. ಏಳು ದ್ವಾರಗಳಾಚೆಯ ಚಂದ್ರಶಾಲೆಯಲ್ಲಿ ಇರಿವರಸ ಮಹಾರಾಜನು ಕಾಳಲೆ ಮಡಿಸಿಕೊಟ್ಟ ತಾಂಬೂಲವನ್ನು ಬಾಯಿಗಿಟ್ಟುಕೊಂಡನು.

ಬಾಗಿಲ ಹೊರಗೆ ಖಡ್ಗ ಹಿಡಿದು ನಿಂತವನು ಅವಳ ಪತಿ ಚಟ್ಟಯ್ಯ. ಅವನು ಲೆಂಕ, ಪ್ರಭು ಮಡಿದ ದಿನವೇ ತಾನೂ ಮಡಿಯುವೆನೆಂದು ದೇವರೆದುರು ಆಣೆಯಿಟ್ಟು ಎಡಗಾಲಿಗೆ ಅದರ ಗುರುತಾದ ಹೊನ್ನ ತೊಡರು ಧರಿಸಿದವನು. ಎರಡು ವರ್ಷಗಳ ಹಿಂದೆ ಅರಸನು ಅವಳನ್ನು ಬಯಸಿದಾಗ, "ಪ್ರಾಣವೇ ಪ್ರಭುಗಳದ್ದು, ಉಳಿದುದಕ್ಕೆ ನನ್ನನ್ನೇಕೆ ಕೇಳಬೇಕು?" ಎಂದು ತುಂಬಿದ ಸಭೆಯಲ್ಲಿ ತಲೆಬಾಗಿದ್ದನು. ಸಭೆ ಭಲೆ ಎಂದಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ.

ಅರಸನಿಗೆ ಬೇಕಿದ್ದುದು ಅವಳ ದೇಹಕ್ಕಿಂತ ಹೆಚ್ಚಾಗಿ ಬಾಗಿಲಾಚೆಯ ಆ ಮೌನ. "ನಿನ್ನ ಗಂಡನ ಉಸಿರು ಕೇಳಿಸುತ್ತಿದೆಯೇ, ಕಾಳಲೆ?" ಎಂದು ನಗುತ್ತಿದ್ದನು. ಅದನ್ನು ಅವಳು ಸಹಿಸಿದ್ದಳು. ಸಹಿಸಲಾಗದ್ದು ಮನೆಯಲ್ಲಿತ್ತು. ಚಟ್ಟಯ್ಯನು ಅವಳನ್ನು ಗುಡಿಯ ಪ್ರಸಾದವೆಂಬಂತೆ ಎರಡೂ ಕೈಗಳಿಂದ ಮುಟ್ಟಿ, "ಇಂದು ಪ್ರಭುಗಳು ಏನೆಂದರು?" ಎಂದು ಹೊಳೆಯುವ ಕಣ್ಣುಗಳಿಂದ ವಿಚಾರಿಸುತ್ತಿದ್ದನು. ಅವಳು ಅರಸನ ಶಯ್ಯೆಯನ್ನು ಕಾಣುವ ಮೊದಲು ಅವನಿಗೆ ಅವಳ ಮೇಲೆ ಅಷ್ಟು ಆಸೆ ಇರಲಿಲ್ಲ.

ಯುವರಾಜನಿಗೆ ಪಟ್ಟ ಕಟ್ಟಲು ಹವಣಿಸುತ್ತಿದ್ದ ಪ್ರಧಾನಿ ದೇಮರಸನು ವಿಷದ ಪುಡಿಯನ್ನು ಅವಳ ಕೈಗಿಡುವಾಗ ತಾನೇ ಅಳುಕಿದ್ದನು. "ತಾಯೀ, ಅರಸರು ಹೋದರೆ ನಿನ್ನ ಗಂಡನೂ ಉಳಿಯನು. ಯುವರಾಜರ ಹೆಸರಿನಲ್ಲಿ ಅವನನ್ನು ಆಣೆಯಿಂದ ಬಿಡಿಸಬಲ್ಲೆ."

"ಬಿಡಿಸುವುದಾದರೆ ಈ ಪುಡಿಯನ್ನು ಹಿಂದಕ್ಕೆ ಕೊಂಡೊಯ್ಯಿರಿ, ಪ್ರಧಾನರೇ."

ದೇಮರಸನು ಪುಡಿಯನ್ನು ಅವಳ ಕೈಯಲ್ಲೇ ಬಿಟ್ಟು ಹೊರಟನು.

ಈಗ ಅರಸನು ಏನೋ ಹೇಳಲು ಬಾಯಿ ತೆರೆದು, ಹೇಳದೆಯೇ ದಿಂಬಿಗೆ ಒರಗಿದನು. ಅವನ ಕಣ್ಣುಗಳು ನಿಶ್ಚಲವಾಗುವವರೆಗೆ ಕಾದು, ಕಾಳಲೆ ಕದ ತೆರೆದಳು.

ಒಳಗೆ ಬಂದ ಚಟ್ಟಯ್ಯನ ಮುಖ ಬಿಳಚಿತು. "ವೈದ್ಯರನ್ನು..."

"ಉಸಿರಿಲ್ಲ. ನೋಡಿಯಾಯಿತು."

ಅವನು ಕದವನ್ನು ಮೆಲ್ಲನೆ ಮುಚ್ಚಿದನು. "ಕಾಳಲೆ, ಸ್ವಲ್ಪ ಹೊತ್ತು ಇದು ಹೊರಗೆ ತಿಳಿಯದಿರಲಿ. ಮೊದಲು ಪ್ರಧಾನರನ್ನು ಕಂಡು ಬರುತ್ತೇನೆ. ಹಿಂದೆ ಒಬ್ಬ ಲೆಂಕನನ್ನು ಆಣೆಯಿಂದ ಬಿಡಿಸಿದ್ದರಂತೆ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಬಳಿಕ ಉಪ್ಪರಿಗೆಯ ಅಂಚಿಗೆ ನಡೆದು, ಕೆಳಗಿನ ಅಂಗಳದಲ್ಲಿ ನೆರೆದಿದ್ದ ಪರಿವಾರಕ್ಕೆ ಕೇಳುವಂತೆ ಸ್ಪಷ್ಟವಾಗಿ ನುಡಿದಳು: "ಮಹಾರಾಜರು ಸ್ವರ್ಗಸ್ಥರಾದರು. ನನ್ನ ಪತಿದೇವರು ಸ್ವಾಮಿಯೊಡನೆ ಹೊರಟಿದ್ದಾರೆ. ಮಂಗಳವಾದ್ಯ ತರಿಸಿರಿ."

ಅಂಗಳವು ಎರಡು ವರ್ಷಗಳ ಹಿಂದಿನಂತೆಯೇ ಭಲೆ ಎಂದಿತು.

"ನೀನೇ ಮಾಡಿದೆಯಾ?" ಎಂದು ಅವನು ಪಿಸುಗುಟ್ಟಿದನು.

"ಬಾಗಿಲಲ್ಲಿ ಕಾವಲಿದ್ದವರು ನೀವು. ಒಳಗೆ ಏನು ನಡೆಯುತ್ತಿದೆಯೆಂದು ಒಂದು ದಿನವಾದರೂ ಬಂದು ನೋಡಿದಿರಾ?"

ಸೂರ್ಯಾಸ್ತಕ್ಕೆ ಮುನ್ನ ಚಟ್ಟಯ್ಯನು ಸಮಸ್ತರೆದುರು ತನ್ನ ಖಡ್ಗದಿಂದಲೇ ಆಣೆಯನ್ನು ಸಲ್ಲಿಸಿದನು. ಹೊಸ ಅರಸನು, ಸ್ವಾಮಿಭಕ್ತಿಯಲ್ಲಿ ಇವನಿಗೆ ಎಣೆಯಿಲ್ಲವೆಂದು ಬರೆಸಿ, ವೀರಗಲ್ಲು ನೆಡಲು ಆಜ್ಞಾಪಿಸಿದನು. ಕಲ್ಲುಕುಟಿಗನು ಬಂದು, ವೀರನ ಪಕ್ಕದಲ್ಲಿ ಮಡದಿಯ ರೂಪವನ್ನೂ ಕೆತ್ತಲೇ ಎಂದು ವಿನಯದಿಂದ ಕೇಳಿದನು.

"ಬೇಡಪ್ಪ," ಎಂದಳು ಕಾಳಲೆ. "ಅಲ್ಲಿ ಅರಸರನ್ನೇ ಕೆತ್ತು. ಅವರಿಬ್ಬರೇ ಇರಲಿ."